ವಯಸ್ಕ ಕಲಿಯುವವರಲ್ಲಿ ಕಲಿಕಾ ನ್ಯೂನತೆಯ ತಪಾಸಣೆ: ದಾಖಲಾತಿಯ ದಿನವೇ ಮಾಡಬೇಕೆ?

ಸಂಜೆ ತರಗತಿಯ ಶಿಕ್ಷಕಿ

ಎಲ್ಲರಿಗೂ ನಮಸ್ಕಾರ. ನಾನು ವಯಸ್ಕರಿಗೆ ಓದು, ಬರಹ ಮತ್ತು ಲೆಕ್ಕ ಕಲಿಸುತ್ತೇನೆ. ನಮ್ಮ ತರಗತಿಗೆ ಬರುವವರಲ್ಲಿ ಶಾಲೆಯ ಮೆಟ್ಟಿಲನ್ನೇ ಹತ್ತದವರಿದ್ದಾರೆ, ಅರ್ಧಕ್ಕೆ ಬಿಟ್ಟವರಿದ್ದಾರೆ, ವರ್ಷಗಟ್ಟಲೆ ಶಾಲೆಗೆ ಹೋಗಿಯೂ ಓದು ಕೈಹತ್ತದೆ ಉಳಿದವರೂ ಇದ್ದಾರೆ. ಈ ಕೊನೆಯ ಗುಂಪಿನ ಕೆಲವರು ಮಾತಿನಲ್ಲಿ ಚುರುಕಾಗಿದ್ದು, ತಮ್ಮ ಕಸುಬಿನಲ್ಲಿ ಪಳಗಿದವರಾಗಿದ್ದರೂ, ನಿನ್ನೆ ಸರಿಯಾಗಿ ಓದಿದ ಪದವನ್ನೇ ಇಂದು ಮೊದಲ ಬಾರಿ ಕಂಡವರಂತೆ ತಡವರಿಸುತ್ತಾರೆ. ಇವರಿಗೆ ಡಿಸ್ಲೆಕ್ಸಿಯಾದಂತಹ (ಪದಗಳನ್ನು ಗುರುತಿಸಿ ಸರಾಗವಾಗಿ ಓದುವುದು, ಬರೆಯುವುದು ಕಷ್ಟವಾಗುವ ಸ್ಥಿತಿ) ಕಲಿಕಾ ನ್ಯೂನತೆ ಇರಬಹುದೆಂಬ ಅನುಮಾನ ನನಗಿದೆ.

ಮುಂದಿನ ತಂಡದಿಂದ, ದಾಖಲಾತಿಯ ದಿನವೇ ಎಲ್ಲರಿಗೂ ಒಂದು ಪ್ರಶ್ನಾವಳಿ ಕೊಟ್ಟು, ಅದರ ಅಂಕದ ಆಧಾರದ ಮೇಲೆ ಪ್ರತ್ಯೇಕ ಗುಂಪು ಮಾಡಬೇಕೆಂಬ ಪ್ರಸ್ತಾವ ನಮ್ಮಲ್ಲಿ ಬಂದಿದೆ. ಅಗತ್ಯವಿರುವವರಿಗೆ ಬೇಗ ನೆರವು ಸಿಗಲಿ ಎಂಬುದು ಇದರ ಉದ್ದೇಶವೆಂಬುದನ್ನು ನಾನು ಒಪ್ಪುತ್ತೇನೆ. ಆದರೆ ಅಂತಹ ಅಂಕವನ್ನು ಎಷ್ಟರಮಟ್ಟಿಗೆ ನಂಬಬಹುದು? ತಪಾಸಣೆಗೆ ಸರಿಯಾದ ಸಮಯ ಯಾವುದು? ಅನುಭವವುಳ್ಳವರು ದಯವಿಟ್ಟು ತಿಳಿಸಿ.

ವಿಶೇಷ ಶಿಕ್ಷಣದ ತರಬೇತುದಾರ

ಮೇಡಂ, ತಪಾಸಣೆ ಬೇರೆ, ರೋಗನಿರ್ಣಯದಂತಹ ಪೂರ್ಣ ಮೌಲ್ಯಮಾಪನ ಬೇರೆ. ಯಾರನ್ನು ಇನ್ನಷ್ಟು ಗಮನಿಸಬೇಕು ಎಂಬುದನ್ನಷ್ಟೇ ತಪಾಸಣೆ ಹೇಳುತ್ತದೆ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ವಯಸ್ಕರಿಗಾಗಿಯೇ ರೂಪಿಸಿದ, ಬಹಳ ಕಡೆ ಬಳಕೆಯಾದ 13 ಪ್ರಶ್ನೆಗಳ ಸಾಧನವೊಂದಿದೆ. ಅದರಲ್ಲಿ ಹೆಚ್ಚು ಅಂಕ ಬಂದವರನ್ನು ಮುಂದಿನ ಮೌಲ್ಯಮಾಪನಕ್ಕೆ ಕಳುಹಿಸಬಹುದೆಂದು ಅರ್ಥವೇ ಹೊರತು, ಅವರಿಗೆ ನ್ಯೂನತೆ ಇದೆಯೆಂದು ಅರ್ಥವಲ್ಲ.

ಲೆಕ್ಕ ಹಾಕಿ ನೋಡಿದರೆ ಅಪಾಯ ಎಲ್ಲಿದೆಯೆಂದು ತಿಳಿಯುತ್ತದೆ. 100 ಮಂದಿಯಲ್ಲಿ 10 ಮಂದಿಗೆ ನಿಜವಾಗಿ ನ್ಯೂನತೆಯಿದೆ ಎಂದು ಇಟ್ಟುಕೊಳ್ಳೋಣ. ಸಾಧನವು ನ್ಯೂನತೆ ಇರುವವರಲ್ಲಿ ಶೇ. 80ರಷ್ಟು ಜನರನ್ನು ಗುರುತಿಸುತ್ತದೆ, ಇಲ್ಲದವರಲ್ಲಿಯೂ ಶೇ. 80ರಷ್ಟು ಜನರನ್ನು ಸರಿಯಾಗಿ ಬಿಟ್ಟುಬಿಡುತ್ತದೆ ಎಂದೂ ಭಾವಿಸೋಣ. ಆಗ 10ರಲ್ಲಿ 8 ಮಂದಿ ಸಿಗುತ್ತಾರೆ, ಇಬ್ಬರು ತಪ್ಪಿಹೋಗುತ್ತಾರೆ. ಉಳಿದ 90ರಲ್ಲಿ 18 ಮಂದಿ ನ್ಯೂನತೆಯಿಲ್ಲದೆಯೂ ಪಟ್ಟಿಗೆ ಸೇರುತ್ತಾರೆ. ಅಂದರೆ ನಿಮ್ಮ ಪ್ರತ್ಯೇಕ ಗುಂಪಿನ 26 ಮಂದಿಯಲ್ಲಿ ಹೆಚ್ಚಿನವರು ಅಲ್ಲಿರಬೇಕಾದವರೇ ಅಲ್ಲ. ಆದ್ದರಿಂದ ಅಂಕವೊಂದನ್ನೇ ನೋಡಿ ಗುಂಪು ಮಾಡುವುದನ್ನು ನಾನು ಒಪ್ಪಲಾರೆ.

ಅಮೆರಿಕದ ಮನೋವೈದ್ಯರ ಸಂಘವು ಮಾನಸಿಕ ತೊಂದರೆಗಳ ನಿರ್ಣಯಕ್ಕಾಗಿ 2013ರಲ್ಲಿ ಪ್ರಕಟಿಸಿದ ಡಿಎಸ್‌ಎಂ-5 ಕೈಪಿಡಿಯ ಪ್ರಕಾರ, ಕಲಿಕಾ ನ್ಯೂನತೆ ಎನ್ನಬೇಕಾದರೆ, ಕಲಿಕೆಯ ತೊಂದರೆಗೆ ತಕ್ಕ ಬೋಧನೆ ಕೊಟ್ಟ ಮೇಲೂ ಅದು ಕನಿಷ್ಠ 6 ತಿಂಗಳು ಮುಂದುವರಿದಿರಬೇಕು. ಜೊತೆಗೆ ದೃಷ್ಟಿ ಅಥವಾ ಶ್ರವಣದ ಸರಿಪಡಿಸದ ದೋಷ, ಬೋಧನಾ ಭಾಷೆಯ ಅಪರಿಚಯ, ಸಾಕಷ್ಟು ಶಿಕ್ಷಣ ಸಿಗದಿರುವುದು ಮೊದಲಾದ ಕಾರಣಗಳಿಂದ ಆ ತೊಂದರೆಯನ್ನು ವಿವರಿಸಲು ಸಾಧ್ಯವಿರಬಾರದು. ನಿಮ್ಮ ತರಗತಿಯಲ್ಲಿ ಈ ಕಾರಣಗಳಲ್ಲಿ ಒಂದಾದರೂ ಇಲ್ಲದವರು ಎಷ್ಟು ಮಂದಿ ಸಿಕ್ಕಾರು? ಮೊದಲು ಕಣ್ಣು, ಕಿವಿಗಳ ಪರೀಕ್ಷೆಯಾಗಲಿ. ನಲವತ್ತು ದಾಟಿದವರಿಗೆ ಎಷ್ಟೋ ವೇಳೆ ಬೇಕಾಗಿರುವುದು ಒಂದು ಚಾಳೀಸು. ಹಾಗೆಂದು ಡಿಸ್ಲೆಕ್ಸಿಯಾಕ್ಕೆ ಬಣ್ಣದ ಕನ್ನಡಕವೇ ಪರಿಹಾರವೆನ್ನುವವರನ್ನು ನಂಬಬೇಡಿ. ಆ ಹೇಳಿಕೆಗೆ ಗಟ್ಟಿಯಾದ ವೈಜ್ಞಾನಿಕ ಆಧಾರವಿಲ್ಲ.

ಓದಿನ ಮನೋವಿಜ್ಞಾನದ ಅಧ್ಯಾಪಕಿ

ಮೇಲಿನ ಉತ್ತರಕ್ಕೆ ಬಹಳ ಮುಖ್ಯವೆಂದು ನಾನು ಭಾವಿಸುವ ಒಂದು ವಿಷಯವನ್ನು ಸೇರಿಸುತ್ತೇನೆ. ಮಕ್ಕಳ ತಪಾಸಣೆಯಲ್ಲಿ ಪದದ ಮೊದಲ ಧ್ವನಿಯನ್ನು ತೆಗೆದು ಉಳಿದದ್ದನ್ನು ಹೇಳಿಸುವಂತಹ ಧ್ವನಿ ಅರಿವಿನ ಪರೀಕ್ಷೆಗಳಿಗೆ ದೊಡ್ಡ ಸ್ಥಾನವಿದೆ. ಆದರೆ 1979ರಲ್ಲಿ ಮನೋವಿಜ್ಞಾನಿ ಜೋಸೆ ಮೊರೈಸ್ ಮತ್ತು ಸಂಗಡಿಗರು ಪೋರ್ಚುಗಲ್‌ನಲ್ಲಿ ನಡೆಸಿದ ಅಧ್ಯಯನವನ್ನು ಪ್ರಕಟಿಸಿದಾಗ, ಅನಕ್ಷರಸ್ಥ ವಯಸ್ಕರಿಗೆ ಇಂತಹ ಪರೀಕ್ಷೆ ಬಹಳ ಕಷ್ಟವಾಗಿತ್ತೆಂಬುದೂ, ದೊಡ್ಡವರಾದ ಮೇಲೆ ಓದು ಕಲಿತ ಅದೇ ಹಿನ್ನೆಲೆಯವರು ಅದನ್ನು ಬಹುಮಟ್ಟಿಗೆ ಮಾಡಬಲ್ಲವರಾಗಿದ್ದರೆಂಬುದೂ ತಿಳಿದುಬಂತು. ಬಿಡಿ ಧ್ವನಿಗಳ ಅರಿವು ಓದಿಗೆ ಎಷ್ಟು ಕಾರಣವೋ ಅಷ್ಟೇ ಓದಿನ ಫಲವೂ ಹೌದು. ಹೀಗಿರುವಾಗ ಅಕ್ಷರವನ್ನೇ ಕಲಿಯದವರಿಗೆ ಮೊದಲ ದಿನವೇ ಈ ಪರೀಕ್ಷೆ ಕೊಟ್ಟು, ಸೋತವರನ್ನು ಡಿಸ್ಲೆಕ್ಸಿಯಾದ ಪಟ್ಟಿಗೆ ಸೇರಿಸಿದರೆ, ಅವರಿಗೆ ಯಾರೂ ಕಲಿಸದೆ ಹೋದದ್ದನ್ನು ಅವರ ಮೆದುಳಿನ ದೋಷವೆಂದು ಬರೆದಿಟ್ಟಂತಾಗುತ್ತದೆ. ಇದು ಅನ್ಯಾಯವೆಂದು ನಾನು ಸ್ಪಷ್ಟವಾಗಿ ಹೇಳಬಯಸುತ್ತೇನೆ.

ಅನುವಾದಿತ ಪ್ರಶ್ನಾವಳಿಗಳ ಬಗ್ಗೆಯೂ ಎಚ್ಚರ ಬೇಕು. ಯಾವ ಅಂಕದ ಮೇಲೆ ಅನುಮಾನಪಡಬೇಕು ಎಂಬ ಗಡಿ, ಮೂಲ ಭಾಷೆಯ ಜನರನ್ನು ಪರೀಕ್ಷಿಸಿ ಕಂಡುಕೊಂಡದ್ದು. ಲಿಪಿ ಬದಲಾದರೆ ತಪ್ಪುಗಳ ರೀತಿಯೂ ಬದಲಾಗುತ್ತದೆ: ಬರೆದಂತೆಯೇ ಉಚ್ಚರಿಸುವ ಲಿಪಿಗಳಲ್ಲಿ ನ್ಯೂನತೆ ಇರುವವರು ತಪ್ಪಿಗಿಂತ ಹೆಚ್ಚಾಗಿ ನಿಧಾನದಿಂದಲೇ ಎದ್ದು ಕಾಣುತ್ತಾರೆ. ಅಲ್ಲಿ ತಪ್ಪುಗಳನ್ನು ಮಾತ್ರ ಎಣಿಸುವ ಪರೀಕ್ಷೆ ಅವರನ್ನು ಕಾಣದೆ ಬಿಟ್ಟುಬಿಡುತ್ತದೆ.

ಸಮಯದ ಕುರಿತು ನನ್ನ ಅಭಿಪ್ರಾಯವೆಂದರೆ, ಮೊದಲು ಕ್ರಮಬದ್ಧವಾಗಿ ಕಲಿಸಿ, ವಾರಕ್ಕೊಮ್ಮೆ ಅದೇ ಬಗೆಯ ಸಣ್ಣ ಓದನ್ನು ಕೊಟ್ಟು, ತಗುಲಿದ ಸಮಯವನ್ನೂ ತಪ್ಪುಗಳನ್ನೂ ದಾಖಲಿಸಿ. ಒಂದೇ ಬೋಧನೆ ಪಡೆದ, ಒಂದೇ ಮಟ್ಟದಿಂದ ಹೊರಟ ಸಹಪಾಠಿಗಳು ಮುಂದೆ ಸಾಗುತ್ತಿರುವಾಗ ಒಬ್ಬರು ಮಾತ್ರ ಅಲ್ಲೇ ನಿಂತಿದ್ದರೆ, ಅದು ಮೊದಲ ದಿನದ ಯಾವ ಪ್ರಶ್ನಾವಳಿಗಿಂತಲೂ ಹೆಚ್ಚು ನಂಬತಕ್ಕ ಸೂಚನೆ.

ತಡವಾಗಿ ಓದು ಕಲಿತವನು

ನಾನು ಇಂತಹ ತರಗತಿಯಲ್ಲಿ ಕುಳಿತು ಕಲಿತವನು. ನನಗೆ ಡಿಸ್ಲೆಕ್ಸಿಯಾ ಇದೆಯೆಂದು ತಿಳಿದದ್ದೂ ಆಗಲೇ. ಶಾಲೆಯಲ್ಲಿ ನನ್ನನ್ನು ಸೋಮಾರಿ ಎಂದೇ ಕರೆಯುತ್ತಿದ್ದರು. ಕಾರಣ ತಿಳಿದಾಗ ನನಗಾದ ನೆಮ್ಮದಿಯನ್ನು ಹೇಳತೀರದು, ಆದ್ದರಿಂದ ತಪಾಸಣೆಯೇ ಬೇಡವೆಂಬ ತೀರ್ಮಾನಕ್ಕೆ ದಯವಿಟ್ಟು ಬರಬೇಡಿ. ಆದರೆ ಮೊದಲ ದಿನವೇ ಕೈಗೆ ಪ್ರಶ್ನಾವಳಿ ಕೊಟ್ಟಿದ್ದರೆ ನಾನು ಎರಡನೆಯ ದಿನ ಬರುತ್ತಿರಲಿಲ್ಲ. ಓದಲು ಬಾರದವನಿಗೆ ಓದಿ ತುಂಬುವ ಹಾಳೆ ಕೊಡುವುದು ಎಲ್ಲರೆದುರು ಅವಮಾನ ಮಾಡಿದಂತೆಯೇ ಸರಿ.

ಪ್ರಶ್ನೆಗಳನ್ನು ಪ್ರತ್ಯೇಕವಾಗಿ ಕುಳಿತು, ಬಾಯಿಮಾತಿನಲ್ಲಿ ಕೇಳಿ. ಯಾಕೆ ಕೇಳುತ್ತಿದ್ದೀರಿ, ಉತ್ತರವನ್ನು ಯಾರು ನೋಡುತ್ತಾರೆ ಎಂಬುದನ್ನು ಮೊದಲೇ ಹೇಳಿ, ಬೇಡವೆನ್ನುವ ಅವಕಾಶವನ್ನು ನಿಜವಾಗಿಯೂ ಕೊಡಿ. ಶಾಲೆಯಲ್ಲಿ ಏನು ಕಷ್ಟವಾಗುತ್ತಿತ್ತು, ಮನೆಯಲ್ಲಿ ಬೇರೆ ಯಾರಿಗಾದರೂ ಇಂತಹ ತೊಂದರೆಯಿತ್ತೇ ಎಂದು ಕೇಳಿದರೆ ನಾವೇ ಬಹಳಷ್ಟು ಹೇಳುತ್ತೇವೆ. ಗುರುತಿಸಿದ ಮೇಲೆ ಕೊಡಲು ನಿಮ್ಮಲ್ಲಿ ಏನಾದರೂ ಇರಬೇಕು: ಪರೀಕ್ಷೆಯಲ್ಲಿ ಹೆಚ್ಚಿನ ಸಮಯ, ಧ್ವನಿಮುದ್ರಿಸಿದ ಪಾಠ, ಅದೇ ಪದವನ್ನು ಮತ್ತೆ ಮತ್ತೆ ಓದಿಸುವ ತಾಳ್ಮೆ. ಅದಾವುದೂ ಇಲ್ಲದೆ ಹೆಸರನ್ನು ಮಾತ್ರ ಕೊಟ್ಟು ಕಳುಹಿಸಿದರೆ ನಮಗೆ ಅದರಿಂದ ಉಪಯೋಗವಿಲ್ಲ.

ಸಂಜೆ ತರಗತಿಯ ಶಿಕ್ಷಕಿ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ದಾಖಲಾತಿಯ ದಿನ ಕಣ್ಣು, ಕಿವಿಗಳ ಪರೀಕ್ಷೆಯ ಏರ್ಪಾಡು ಮತ್ತು ಖಾಸಗಿ ಮಾತುಕತೆ ಮಾತ್ರ ಇರಲಿ, ತಪಾಸಣೆಯನ್ನು ಕೆಲವು ತಿಂಗಳ ಬೋಧನೆಯ ನಂತರ, ಒಪ್ಪಿದವರಿಗೆ ಮಾತ್ರ ಮಾಡೋಣ ಎಂದು ಕೇಂದ್ರಕ್ಕೆ ಬರೆಯುತ್ತಿದ್ದೇನೆ. ವಾರದ ಓದಿನ ದಾಖಲೆಗೆ ಬೇಕಾದ ಸಮಾನ ಕಷ್ಟದ ಪಠ್ಯಗಳನ್ನು ಹೇಗೆ ಆರಿಸುವುದೆಂದು ಅಧ್ಯಾಪಕಿಯವರು ಬಿಡುವಾದಾಗ ವಿವರಿಸಿದರೆ ಬಹಳ ಉಪಕಾರವಾಗುತ್ತದೆ.

ಓದಿನ ಮನೋವಿಜ್ಞಾನದ ಅಧ್ಯಾಪಕಿ

ಪಠ್ಯಗಳ ಉದ್ದ, ಸಂಯುಕ್ತಾಕ್ಷರಗಳ ಪ್ರಮಾಣ ಮತ್ತು ಪದಗಳ ಪರಿಚಿತತೆ ಹತ್ತಿರ ಹತ್ತಿರ ಇರುವಂತೆ ನೋಡಿಕೊಳ್ಳಿ. ವಿಷಯ ಮಾತ್ರ ದೊಡ್ಡವರ ಬದುಕಿಗೆ ಸಂಬಂಧಿಸಿದ್ದಾಗಿರಲಿ, ಮಕ್ಕಳ ಕಥೆಗಳನ್ನು ಕೊಡಬೇಡಿ. ಬಳಸುವ ಮುನ್ನ, ಚೆನ್ನಾಗಿ ಓದಬಲ್ಲ ನಾಲ್ಕೈದು ಮಂದಿಯಿಂದ ಎಲ್ಲವನ್ನೂ ಓದಿಸಿ, ಯಾವ ಪಠ್ಯಕ್ಕೆ ಎಲ್ಲರೂ ಹೆಚ್ಚು ಸಮಯ ತೆಗೆದುಕೊಳ್ಳುತ್ತಾರೋ ಅದನ್ನು ಕೈಬಿಡಿ.