ಓದುಗರ ಸ್ಪಂದನ: ‘ಎಂ.ಎಸ್ಸಿ ಯಾಕೆ ಅಂದ್ರೆ ಏನಂತ ಬರೆಯಲಿ?’

ಹೋದ ಸಲ ಸಕಲೇಶಪುರ ಕಡೆಯ ಹುಡುಗಿಯೊಬ್ಬಳ ಪತ್ರ ಹಾಕಿದ್ದೆವು. ಹಾಸನದಲ್ಲಿ ಬಿ.ಎಸ್ಸಿ ಕೊನೇ ವರ್ಷ. ಮನೆಯಲ್ಲಿ ಮೂರು ಎಕರೆ ಅರೇಬಿಕಾ ಕಾಫಿ ತೋಟ. ಬೆಂಗಳೂರಿನ ಒಂದು ಸಂಸ್ಥೆಗೆ ಎಂ.ಎಸ್ಸಿ ಅರ್ಜಿ ಹಾಕುತ್ತಿದ್ದಾಳೆ. ‘ಮುಂದೆ ಯಾಕೆ ಓದಬೇಕು, ನಿಮ್ಮ ಗುರಿ ಏನು’ ಅಂತ 500 ಪದಗಳಲ್ಲಿ ಬರೆಯಲು ಹೇಳಿದ್ದಾರೆ. ಬರೆದದ್ದೆಲ್ಲ ಸುಳ್ಳು ಅನ್ನಿಸುತ್ತಿದೆ ಅನ್ನೋದು ಅವಳ ಸಂಕಟ. ನಿಜವಾದ ಕಾರಣ ಎರಡಿವೆ. ಡಿಗ್ರಿ ಮುಗಿದ ಕೂಡಲೇ ಮನೆಯಲ್ಲಿ ಗಂಡು ನೋಡುತ್ತಾರೆ, ಅದನ್ನು ತಪ್ಪಿಸಿಕೊಳ್ಳಬೇಕು. ಇನ್ನೊಂದು, ತೋಟದಿಂದ ತುಕ್ಕು ರೋಗ ಹಿಡಿದ ಎಲೆ ತಂದು ಕಾಲೇಜಿನ ಮೈಕ್ರೋಸ್ಕೋಪಿನಲ್ಲಿ ನೋಡಿದಾಗಿನಿಂದ ಅದು ತಲೆಯಿಂದ ಹೋಗುತ್ತಿಲ್ಲ. ಒಂದೇ ಸಾಲಿನಲ್ಲಿ ಒಂದು ಗಿಡಕ್ಕೆ ತುಕ್ಕು, ಪಕ್ಕದ್ದಕ್ಕೆ ಇಲ್ಲ, ಯಾಕೆ? ಅಪ್ಪನ ಪ್ರಕಾರ ಬಿ.ಎಡ್ ಸಾಕು. ‘ಓದೋಕೆ ಹೋಗ್ತಿದ್ದೀನೋ, ಮನೆಯಿಂದ ತಪ್ಪಿಸಿಕೊಳ್ಳೋಕೋ, ನನಗೇ ಗೊತ್ತಾಗ್ತಿಲ್ಲ’ ಅಂತ ಬರೆದಿದ್ದಳು.

ಉತ್ತರಗಳು ನಾವು ಅಂದುಕೊಂಡದ್ದಕ್ಕಿಂತ ಜಾಸ್ತಿ ಬಂದಿವೆ. ಎಲ್ಲರಿಗಿಂತ ಬೇಗ ಬಂದದ್ದು ಇದು.

*

ಅರ್ಜಿಯ ಕೊನೇ ದಿನ ಯಾವತ್ತು ಅಂತ ಪತ್ರದಲ್ಲಿ ಎಲ್ಲೂ ಇಲ್ಲ. ಮೊದಲು ಅದನ್ನು ನೋಡಮ್ಮ. 500 ಪದಕ್ಕೇ ಇಷ್ಟು ಗೋಳಾಡಿದರೆ ನಾಳೆ ಥೀಸಿಸ್ ಬರೆಯೋದು ಯಾರು?

– ನಿವೃತ್ತ ಉಪನ್ಯಾಸಕರು, ಅರಸೀಕೆರೆ

*

ಮೇಷ್ಟ್ರ ಮಾತು ಸರಿಯೇ, ಕೊನೇ ದಿನ ಮರೆಯಬಾರದು. ಆದರೆ ಅವಳ ತೊಂದರೆ ಬರೆಯಲು ಬಾರದ್ದಲ್ಲವಲ್ಲ. ಮುಂದಿನ ಪತ್ರ ಉದ್ದ ಇದೆ. ಕತ್ತರಿ ಹಾಕಲು ಮನಸ್ಸಾಗಲಿಲ್ಲ.

*

ಮಗಳೇ, ನಿನ್ನ ಪತ್ರ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಯಾಕೆ ಲೈಟು ಹಾಕ್ಕೊಂಡು ಕೂತಿದ್ದೀಯ ಅಂತ ಮನೆಯವರು ಕೇಳಿದರು. ಏನಿಲ್ಲ ಅಂದೆ.

ನಾನೂ ಹಾಸನದಲ್ಲೇ ಬಿ.ಎಸ್ಸಿ ಓದಿದ್ದು. 1992ರಲ್ಲಿ ಮುಗೀತು. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಸಸ್ಯಶಾಸ್ತ್ರ ಎಂ.ಎಸ್ಸಿಗೆ ಸೀಟು ಸಿಕ್ಕಿತ್ತು. ಕಾಗದ ಬಂದ ದಿನ ಮನೆಯಲ್ಲಿ ದೊಡ್ಡಪ್ಪ, ಸೋದರಮಾವ ಎಲ್ಲ ಇದ್ದರು, ಗದ್ದೆ ಪಾಲಿನ ಮಾತಿಗೆ ಅಂತ ಬಂದವರು. ದೊಡ್ಡಪ್ಪ ಆ ಕಾಗದವನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ‘ಎಂ.ಎಸ್ಸಿ ಮಾಡಿ ಏನ್ ಮಾಡ್ತೀಯಮ್ಮ?’ ಅಂದರು. ಗದರಿಸಿ ಕೇಳಿದ್ದಲ್ಲ, ಪ್ರೀತಿಯಿಂದಲೇ ಕೇಳಿದ್ದು. ನನಗೆ ಏನು ಹೇಳಬೇಕೋ ಹೊಳೆಯಲಿಲ್ಲ. ಲೆಕ್ಚರರ್ ಆಗ್ತೀನಿ ಅಂತಾದರೂ ಅಂದಿದ್ದರೆ ಆಗ್ತಿತ್ತು, ಆದರೆ ನನಗೆ ಲೆಕ್ಚರರ್ ಆಗಬೇಕು ಅಂತ ಇರಲಿಲ್ಲ, ಇನ್ನೂ ಸ್ವಲ್ಪ ನೋಡಬೇಕು ಅಂತ ಇತ್ತು, ಅದನ್ನು ಹೇಗೆ ಹೇಳೋದು? ಸುಮ್ಮನೆ ನಿಂತೆ. ಸುಮ್ಮನೆ ನಿಂತದ್ದನ್ನೇ ಅವರು ಒಪ್ಪಿಗೆ ಅಂತ ತಗೊಂಡರು. ಕಾಫಿ ಕುಡಿದು ಮತ್ತೆ ಗದ್ದೆ ವಿಷಯಕ್ಕೆ ಹೋದರು.

ಅದೇ ವರ್ಷ ನನ್ನ ತಮ್ಮನನ್ನು ಡೊನೇಷನ್ ಕೊಟ್ಟು ಇಂಜಿನಿಯರಿಂಗ್‌ಗೆ ಸೇರಿಸಿದರು. ಅವನನ್ನು ಯಾರೂ ಏನು ಮಾಡ್ತೀಯ ಅಂತ ಕೇಳಲಿಲ್ಲ. ಅವನು ಮುಗಿಸಲೂ ಇಲ್ಲ. ಈಗ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದಾನೆ, ಚೆನ್ನಾಗಿದ್ದಾನೆ. ಅವನ ಮೇಲೆ ನನಗೆ ಕೋಪ ಇಲ್ಲ. ಸ್ವಲ್ಪ ಇದೆ.

ಗಂಡಿನ ಕಡೆಯವರು ಮದುವೆ ಆದಮೇಲೂ ಓದಬಹುದು ಅಂದಿದ್ದರು. ಸುಳ್ಳು ಹೇಳಿದರು ಅಂತ ನಾನು ಅನ್ನಲ್ಲ, ಆಗ ಅವರೂ ಹಾಗೇ ಅಂದುಕೊಂಡಿದ್ದರೇನೋ. ಆದರೆ ತೋಟದ ಮನೆಯಲ್ಲಿ ಓದಿಗೆ ಅಂತ ಒಂದು ತಿಂಗಳು ಬರೋದೇ ಇಲ್ಲ. ಡಿಸೆಂಬರ್ ಅಂದ್ರೆ ಕೊಯ್ಲು, ಕಣದ ತುಂಬ ಕಾಫಿ, ಮಾರ್ಚ್‌ನಲ್ಲಿ ಹೂಮಳೆ ಬರುತ್ತೋ ಇಲ್ವೋ ಅನ್ನೋ ತಲೆಬಿಸಿ, ಜೂನ್ ಬಂದ್ರೆ ಕರೆಂಟೇ ಇಲ್ಲ. ಆಮೇಲೆ ಮಗು. ಆಮೇಲೆ ಅತ್ತೆಯ ಸೊಂಟ. ಎಷ್ಟೋ ವರ್ಷದ ಮೇಲೆ ಮುಕ್ತ ವಿಶ್ವವಿದ್ಯಾಲಯದಲ್ಲಿ ಕನ್ನಡ ಎಂ.ಎ ಕಟ್ಟಿ ಪಾಸ್ ಮಾಡಿಕೊಂಡೆ. ಖುಷಿಯಿಂದಲೇ ಓದಿದೆ, ಇಲ್ಲ ಅನ್ನಲ್ಲ. ಆದರೆ ಮನೆಯಲ್ಲಿ ಕೂತು ಲ್ಯಾಬ್ ಮಾಡೋಕಾಗಲ್ಲ ಅಂತ ತಗೊಂಡ ಓದು ಅದು.

ಈಗ ತೋಟದ ಚೆಕ್‌ರೋಲ್ ಬರೆಯೋಳು ನಾನೇ. ಯಾರು ಬಂದರು, ಎಷ್ಟು ಕೆ.ಜಿ ಕೊಯ್ದರು, ಮುಂಗಡ ಎಷ್ಟು. ಒಂದೊಂದು ಸಲ ನಗು ಬರುತ್ತೆ. ಬಾಟನಿ ರೆಕಾರ್ಡ್‌ನಲ್ಲಿ ಕಾಂಡದ ಅಡ್ಡಕೊಯ್ತ ಬಿಡಿಸುತ್ತಿದ್ದ ಕೈ ಇದು. ಶೇಡ್ ಮಾಡಬಾರದು, ಚುಕ್ಕಿ ಇಡಬೇಕು, ಪೆನ್ಸಿಲ್ ನೆಟ್ಟಗೆ ಹಿಡಿದು ಒಂದೊಂದೇ ಚುಕ್ಕಿ, ಬಾಲ ಬಂದ್ರೆ ಮೇಡಂ ಅಳಿಸಿ ಮತ್ತೆ ಇಡಿಸುತ್ತಿದ್ದರು. ಹಾಜರಿ ಹಾಕುವಾಗ ಈಗಲೂ ನನ್ನ ಚುಕ್ಕಿಗೆ ಬಾಲ ಇರಲ್ಲ.

ತಪ್ಪಿಸಿಕೊಳ್ಳೋಕೆ ಹೋಗ್ತಿದ್ದೀನಾ ಅಂತ ಕೇಳ್ತೀಯ. ಹೌದು ಅಂತಲೇ ಇಟ್ಕೋ. ಅದರಲ್ಲಿ ತಪ್ಪೇನು? ಹೋದಮೇಲೆ ಅಲ್ಲಿ ಕೂತು ಓದಬೇಕಾದೋಳು ನೀನೇ ತಾನೆ. ಅರ್ಜಿಗೆ ಏನು ಬರೆಯಬೇಕೋ ನನಗೆ ತಿಳಿಯದು. ಆದರೆ ಮನೆಯಲ್ಲಿ ಯಾರಾದರೂ ಪ್ರೀತಿಯಿಂದ ‘ಏನ್ ಮಾಡ್ತೀಯಮ್ಮ’ ಅಂತ ಕೇಳಿದಾಗ ಹೇಳೋಕೆ ಒಂದು ಉತ್ತರ ರೆಡಿ ಇಟ್ಕೋ. ಅರ್ಜಿ ಓದೋರಿಗಿಂತ ಅವರೇ ಕಷ್ಟ.

– ಓದುಗಿ, ಮೂಡಿಗೆರೆ

*

ಇದೇ ವಿಷಯವನ್ನು ಇನ್ನೊಂದು ಬದಿಯಿಂದ ಹಿಡಿದವನು ಬೇಲೂರಿನ ಹುಡುಗ.

*

ನಾನು ಹಾಸನದ ಹೇಮಗಂಗೋತ್ರಿಯಲ್ಲಿ ಪಿ.ಜಿ ಮಾಡ್ತಿದ್ದೀನಿ. ಯಾಕೆ ಸೇರಿದೆ ಅಂದ್ರೆ ಡಿಗ್ರಿ ಆದಮೇಲೆ ಕೆಲಸ ಸಿಗಲಿಲ್ಲ, ಮನೇಲಿ ಸುಮ್ನೆ ಕೂತರೆ ಬೈತಾರೆ. ನಮ್ಮ ಕ್ಲಾಸಲ್ಲಿ ಇಂಥವರು ಬೇಕಾದಷ್ಟು ಜನ ಇದ್ದೀವಿ. ನಮ್ಮ ಹತ್ರ ಯಾರೂ 500 ಪದ ಕೇಳಲಿಲ್ಲ. ನಿಮ್ಮ ಹತ್ರ ಒಂದು ಎಲೆಯಾದ್ರೂ ಇದೆ, ನನ್ನ ಹತ್ರ ಅದೂ ಇಲ್ಲ. ಸುಮ್ನೆ ಅರ್ಜಿ ಹಾಕಿ.

– ಬೇಲೂರು

*

ಮನೆಯವರಿಗೆ ಹೇಳದೆ ಅರ್ಜಿ ಹಾಕೋದು, ಪತ್ರಿಕೆಗೆ ಬರೆಯೋದು, ಇದೆಲ್ಲ ಒಳ್ಳೇ ಮನೆತನದ ಲಕ್ಷಣ ಅಲ್ಲ.

– ಹೆಸರು ಬೇಡ, ಚಿಕ್ಕಮಗಳೂರು

*

ಮನೆಯಲ್ಲಿ ಹೇಳಿಲ್ಲ ಅಂತ ಅವಳು ಎಲ್ಲೂ ಬರೆದಿರಲಿಲ್ಲ. ಈ ಓದುಗರು ತಮ್ಮ ಹೆಸರು ಬೇಡ ಎಂದಿದ್ದಾರೆ, ಅದನ್ನು ಗೌರವಿಸಿದ್ದೇವೆ. ಬಿ.ಎಡ್ ಪ್ರಸ್ತಾಪಕ್ಕೆ ತರೀಕೆರೆಯ ಶಿಕ್ಷಕಿಯೊಬ್ಬರಿಗೆ ಬೇಸರವಾಗಿದೆ.

*

ಬಿ.ಎಡ್ ಅಂದ್ರೆ ಬೇರೆ ಏನೂ ಆಗದವರ ಗತಿ ಅನ್ನೋ ಹಾಗೆ ಎಲ್ಲರೂ ಮಾತಾಡ್ತೀರಿ. ಅದೂ ಎರಡು ವರ್ಷದ ಓದೇ. ಆಮೇಲೆ ಶಿಕ್ಷಕರ ಅರ್ಹತಾ ಪರೀಕ್ಷೆ ಟಿಇಟಿ, ಆಮೇಲೆ ನೇಮಕಾತಿ ಪರೀಕ್ಷೆ, ಆಮೇಲೆ ಕಾಯೋದು. ಎಂಟನೇ ಕ್ಲಾಸಿನ ಮಕ್ಕಳಿಗೆ ಈರುಳ್ಳಿ ಸಿಪ್ಪೆಯ ಜೀವಕೋಶ ತೋರಿಸಿ ನೋಡಿ, ನೂಕುನುಗ್ಗಲಿನಲ್ಲಿ ಸ್ಲೈಡು ಒಡೆಯುತ್ತೆ, ಆದರೂ ಕೊನೇ ಬೆಂಚಿನವನು ನೋಡೋತನಕ ಬೆಲ್ಲಾದರೂ ಯಾರೂ ಕದಲಲ್ಲ. ಈ ಕೆಲಸ ಬೇಕು ಅಂತ ಬರೋರು ಬರಲಿ. ಅಪ್ಪ ಹೇಳಿದರು ಅಂತ ಬರೋರು ದಯವಿಟ್ಟು ಬರಬೇಡಿ, ನಮ್ಮ ಸ್ಟಾಫ್ ರೂಮಿನಲ್ಲಿ ಅಂಥವರು ಆಗಲೇ ಇದ್ದಾರೆ. ಇದನ್ನು ನಿಮ್ಮಪ್ಪನಿಗೂ ತೋರಿಸಿ.

– ಶಿಕ್ಷಕಿ, ತರೀಕೆರೆ

*

ಹುಡುಗಿ ಓದಲಿ, ಬೇಡ ಅನ್ನಲ್ಲ. ಆದರೆ ಕಾಫಿ ಬಿಟ್ಟು ಆಲೂಗಡ್ಡೆ ಹಿಡೀಲಿ. ಕಾಫಿಗೆ ಬೋರ್ಡ್ ಇದೆ, ನಮಗೆ ಯಾರಿದ್ದಾರೆ? ಹಾಸನ ಅಂದ್ರೆ ಆಲೂಗಡ್ಡೆ ಅಂತಿದ್ದ ಕಾಲ ಹೋಯ್ತು. ಜಲಂಧರ್ ಬೀಜ ಅಂತ ಎಪಿಎಂಸಿಯಲ್ಲಿ ಸಾಲ ಮಾಡಿ ತರ್ತೀವಿ, ಮುಂಗಾರಿಗೆ ಹಾಕ್ತೀವಿ, ಮೋಡ ಮುಚ್ಚಿಕೊಂಡು ಜಡಿ ಹಿಡೀತೋ ಅಂಗಮಾರಿ ರೋಗ ಬಂತು, ನೋಡ್ತಾ ನೋಡ್ತಾ ಇಡೀ ಹೊಲ ಕಪ್ಪಾಗುತ್ತೆ. ಔಷಧಿ ಅಂಗಡಿಯವನು ಕೊಟ್ಟಿದ್ದೇ ಮದ್ದು. ಇಷ್ಟು ಜನ ಎಂ.ಎಸ್ಸಿ, ಪಿಎಚ್‌ಡಿ ಮಾಡ್ತಾರಲ್ಲ, ಒಬ್ಬರಾದರೂ ಜುಲೈ ತಿಂಗಳಲ್ಲಿ ನಮ್ಮ ಬದುವಿನ ಮೇಲೆ ಬಂದು ನಿಂತ್ಕೊಳ್ಳಲಿ. ಗುರಿ ಏನು ಅಂತ ಕೇಳಿದ್ದಾರಲ್ಲ, ಇದನ್ನೇ ಬರೀಲಿ.

– ರೈತ, ಹಾಸನ ತಾಲ್ಲೂಕು

*

ಆಲೂಗಡ್ಡೆ ಬೆಳೆಗಾರರ ಕಷ್ಟಕ್ಕೆ ಬೇರೆ ದಿನವೇ ಜಾಗ ಕೊಡೋಣ. ಆದರೂ ಕೊನೇ ವಾಕ್ಯವನ್ನು ಪತ್ರ ಬರೆದವಳು ಇನ್ನೊಮ್ಮೆ ಓದಲಿ. ಕೇಳಿದ್ದಕ್ಕೆ ನೇರವಾಗಿ ಉತ್ತರ ಕೊಟ್ಟವರು ಹೊಳೆನರಸೀಪುರದವರು, ಈಗ ಬೆಂಗಳೂರಿನ ಲ್ಯಾಬೊಂದರಲ್ಲಿ ಪಿಎಚ್‌ಡಿ ಮಾಡುತ್ತಿದ್ದಾರೆ.

*

ಲ್ಯಾಬ್‌ಗೆ ಬರೋ ಅರ್ಜಿಗಳನ್ನು ಗೈಡ್ ಜೊತೆ ಕೂತು ನಾನೂ ಓದ್ತೀನಿ. ಹೆಚ್ಚುಕಡಿಮೆ ಎಲ್ಲವೂ ‘ಚಿಕ್ಕಂದಿನಿಂದಲೂ ನನಗೆ ವಿಜ್ಞಾನ ಅಂದರೆ ಆಸಕ್ತಿ’ ಅಂತ ಶುರುವಾಗ್ತವೆ. ದೇಶಸೇವೆ ಬರುತ್ತೆ, ಅಬ್ದುಲ್ ಕಲಾಂ ಬರ್ತಾರೆ. ಎರಡನೇ ಪ್ಯಾರಾಕ್ಕೆ ಬರೋ ಹೊತ್ತಿಗೆ ಯಾರ ಅರ್ಜಿ ಓದ್ತಿದ್ದೀವಿ ಅನ್ನೋದೇ ಮರೆತಿರುತ್ತೆ. ನಿಮ್ಮ ಪತ್ರದಲ್ಲಿ ಒಂದು ಕಡೆ ಬರೆದಿದ್ರಿ, ಎಲೆಯ ಅಡಿಯ ಕಿತ್ತಳೆ ಪುಡಿಯನ್ನು ಸೆಲ್ಲೋ ಟೇಪ್‌ಗೆ ಅಂಟಿಸಿ ಸ್ಲೈಡ್ ಮಾಡಿದೆ, ಬೀಜಾಣುವಿನ ಒಂದು ಬದಿ ಮುಳ್ಳುಮುಳ್ಳು, ಇನ್ನೊಂದು ಬದಿ ನುಣುಪು, ಯಾಕೆ ಹಾಗೆ ಅಂತ ಮೇಡಂ ಕೇಳಿದ್ರೆ ಸಿಲಬಸ್‌ನಲ್ಲಿಲ್ಲ ಅಂದರು ಅಂತ. ಅದೇ ನಿಮ್ಮ ಮೊದಲ ಪ್ಯಾರಾ. ಏನು ನೋಡಿದ್ರಿ, ಏನು ಅರ್ಥ ಆಗಲಿಲ್ಲ, ಅರ್ಥ ಮಾಡ್ಕೊಳ್ಳೋಕೆ ಏನು ಮಾಡಿದ್ರಿ, ಅಲ್ಲಿ ಹೋದರೆ ಏನು ಕಲಿತು ಅದನ್ನು ಮುಂದುವರಿಸ್ತೀರಿ. ಅಷ್ಟೇ. ಆ ಸಂಸ್ಥೆಯಲ್ಲಿ ಶಿಲೀಂಧ್ರದ ಮೇಲೆ ಯಾರು ಕೆಲಸ ಮಾಡ್ತಿದ್ದಾರೆ ಅಂತ ವೆಬ್‌ಸೈಟ್ ನೋಡಿ, ಒಬ್ಬರ ಒಂದು ಪೇಪರ್ ಆದರೂ ಓದಿ, ಅರ್ಧ ಅರ್ಥ ಆದರೂ ಸಾಕು.

ಮದುವೆ ವಿಷಯ ಬರೆಯೋದು ಬೇಡ. ಅದು ಸುಳ್ಳು ಹೇಳಿದ ಹಾಗಲ್ಲ, ಅವರು ಅದನ್ನು ಕೇಳಿಲ್ಲ.

ಇನ್ನೊಂದು ಮಾತು. ಒಂದೇ ಅರ್ಜಿ ನಂಬ್ಕೊಂಡು ಕೂರಬೇಡಿ. ನಮ್ಮ ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ಎಂ.ಎಸ್ಸಿಗೆ ಇಂಥ ಪ್ರಬಂಧ ಸಾಮಾನ್ಯವಾಗಿ ಕೇಳಲ್ಲ, ಡಿಗ್ರಿ ಅಂಕ, ಪ್ರವೇಶ ಪರೀಕ್ಷೆ ನೋಡ್ತಾರೆ. ಮಾನಸಗಂಗೋತ್ರಿಗೂ ಹಾಕಿ. ಕಲಬುರಗಿ ಹತ್ತಿರದ ಕೇಂದ್ರೀಯ ವಿಶ್ವವಿದ್ಯಾಲಯಕ್ಕೆ ಸಿಯುಇಟಿ-ಪಿಜಿ ಪ್ರವೇಶ ಪರೀಕ್ಷೆ ಬರೀಬೇಕು. ಐಐಎಸ್‌ಸಿಯ ಇಂಟಿಗ್ರೇಟೆಡ್ ಪಿಎಚ್‌ಡಿಗೆ (ಎಂ.ಎಸ್ಸಿ, ಪಿಎಚ್‌ಡಿ ಎರಡೂ ಒಟ್ಟಿಗೆ) ಜಾಮ್ ಅನ್ನೋ ಪ್ರವೇಶ ಪರೀಕ್ಷೆ ಒಂದು ದಾರಿ, ಪರೀಕ್ಷೆ ಫೆಬ್ರವರಿಯಲ್ಲಿ, ಆದರೆ ಅರ್ಜಿ ಹಾಕೋದು ಹಿಂದಿನ ವರ್ಷವೇ, ತುಂಬಾ ಜನ ಇಲ್ಲೇ ತಪ್ಪಿಸಿಕೊಳ್ತಾರೆ. ಕೃಷಿ ವಿಶ್ವವಿದ್ಯಾಲಯದಲ್ಲಿ ಸಸ್ಯರೋಗಶಾಸ್ತ್ರ ಮಾಡ್ತೀನಿ ಅಂತಿದ್ರೆ ಅಲ್ಲಿ ಬಿ.ಎಸ್ಸಿ ಅಗ್ರಿ ಕೇಳ್ತಾರೆ. ನಿಮಗೆ ಸಸ್ಯಶಾಸ್ತ್ರ, ಮೈಕ್ರೋಬಯಾಲಜಿ, ಬಯೋಟೆಕ್ ದಾರಿಯೇ ಸರಿ. ದುಡ್ಡಿನ ಬಗ್ಗೆ ಮನೆಯಲ್ಲಿ ಮಾತು ಬಂದ್ರೆ ಇದನ್ನು ಹೇಳಿ: ಎಂ.ಎಸ್ಸಿ ಆದಮೇಲೆ ನೆಟ್ ಪರೀಕ್ಷೆ ಬರೆದು ಜೆಆರ್‌ಎಫ್ ಅನ್ನೋ ಫೆಲೋಶಿಪ್ ಸಿಕ್ಕಿ ಪಿಎಚ್‌ಡಿ ಸೇರಿದರೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ. ತಿಂಗಳು ತಿಂಗಳು ಸರಿಯಾಗಿ ಬರುತ್ತೆ ಅಂತ ಮಾತ್ರ ಹೇಳಬೇಡಿ. ನನ್ನದು ಎಷ್ಟೋ ಸಲ ತಡವಾಗಿದೆ, ಮೆಸ್ ಬಿಲ್ ಸ್ನೇಹಿತರು ಕಟ್ಟಿದ್ದಾರೆ.

– ಸಂಶೋಧನಾ ವಿದ್ಯಾರ್ಥಿನಿ

*

ಮುಂದಿನವರು ಕಾಫಿ ಸಂಶೋಧನೆಯ ಕೆಲಸದಲ್ಲಿದ್ದು ನಿವೃತ್ತರಾದವರು. ಅವಳು ಕೇಳಿದ ಪ್ರಶ್ನೆಯನ್ನು ಇವರು ಪಕ್ಕಕ್ಕಿಟ್ಟಿದ್ದಾರೆ. ಎಲೆಯ ಪ್ರಶ್ನೆಗೆ ಉತ್ತರಿಸಿದ ಒಬ್ಬರೇ ಒಬ್ಬರು ಇವರು.

*

ಗುರಿ, ಮದುವೆ ಎಲ್ಲ ನೀವು ನೀವು ನೋಡ್ಕೊಳ್ಳಿ. ಒಂದೇ ಸಾಲಿನಲ್ಲಿ ಒಂದಕ್ಕೆ ತುಕ್ಕು, ಒಂದಕ್ಕಿಲ್ಲ ಅಂದಿದ್ದೀಯ. ಮೊದಲು ನಿಮ್ಮಪ್ಪನನ್ನು ಕೇಳು. ಕಾಂಡ ಕೊರಕ ಬಂದು ಗಿಡ ಸತ್ತ ಜಾಗಕ್ಕೆ ಬೇರೆ ತಳಿ ಸಸಿ ನೆಟ್ಟಿರುತ್ತಾರೆ. ಹಳೇದು ಎಸ್.795 ತಳಿ ಇದ್ದು ಮಧ್ಯೆ ಮಧ್ಯೆ ಚಂದ್ರಗಿರಿ ಸೇರಿದ್ದರೆ ನೀನು ನೋಡಿದ್ದು ಅದೇ, ಹಳೇದಕ್ಕೆ ತುಕ್ಕು ಹಿಡಿಯುತ್ತೆ, ಚಂದ್ರಗಿರಿ ತಡೆದುಕೊಳ್ಳುತ್ತೆ. ಚಂದ್ರಗಿರಿ ಗಿಡ್ಡ, ಎಲೆ ಅಗಲ, ದಪ್ಪ, ನೋಡಿದರೆ ಗೊತ್ತಾಗುತ್ತೆ. ಎಲ್ಲಾ ಒಂದೇ ತಳಿ ಅಂತ ಅವರು ಹೇಳಿದರೆ, ಆಗ ಅದು ಕುತೂಹಲದ ವಿಷಯ. ನೆರಳು ಎಷ್ಟಿದೆ, ತುಕ್ಕಿಗೆ ಹೊಡೆಯೋ ಬೋರ್ಡೋ ದ್ರಾವಣ ಎಲ್ಲಿವರೆಗೆ ಹೊಡೆದಿದ್ದರು, ಹೋದ ವರ್ಷ ಆ ಗಿಡ ಜಾಸ್ತಿ ಕಾಯಿ ಹಿಡಿದಿತ್ತಾ, ಇಷ್ಟನ್ನೂ ಬರೆದಿಟ್ಟುಕೋ. ಕಾಯಿ ಜಾಸ್ತಿ ಬಿಟ್ಟು ಸೊರಗಿದ ಗಿಡಕ್ಕೆ ತುಕ್ಕು ಬೇಗ.

ಇದು ಹೊಸ ಪ್ರಶ್ನೆ ಅಲ್ಲ ಅಂತ ಬೇಜಾರು ಮಾಡ್ಕೋಬೇಡ. ಬಾಳೆಹೊನ್ನೂರಿನ ಹತ್ತಿರ 1925ರಲ್ಲಿ ಕಾಫಿ ಪ್ರಯೋಗ ಕೇಂದ್ರ ಶುರುವಾಯ್ತು. ಈ ತುಕ್ಕಿನ ಶಿಲೀಂಧ್ರದಲ್ಲೇ ಬೇರೆ ಬೇರೆ ಬಗೆ ಇವೆ, ಒಂದು ಬಗೆ ಹಿಡಿಯೋ ಗಿಡವನ್ನು ಇನ್ನೊಂದು ಬಗೆ ಮುಟ್ಟಲ್ಲ ಅಂತ 1930ರ ದಶಕದಲ್ಲಿ ತೋರಿಸಿದ್ದು ಅಲ್ಲೇ. ಎಸ್.795 ಬಂದಿದ್ದು 1940ರ ದಶಕದಲ್ಲಿ. ಆಗ ಅದು ತುಕ್ಕಿಗೆ ಚೆನ್ನಾಗಿಯೇ ತಡೆದಿತ್ತು, ಆಮೇಲೆ ಹೊಸ ಬಗೆಯ ತುಕ್ಕು ಬಂತು, ಗಿಡ ಸೋತಿತು. ಮತ್ತೆ ಹೊಸ ತಳಿ, ಮತ್ತೆ ಹೊಸ ತುಕ್ಕು. ಮುಗಿಯೋ ಕೆಲಸ ಅಲ್ಲ, ನಿನ್ನ ಕಾಲಕ್ಕೂ ಇರುತ್ತೆ.

ಮುಳ್ಳು ಯಾಕೆ ಒಂದೇ ಬದಿ ಅನ್ನೋದು ಒಳ್ಳೇ ಪ್ರಶ್ನೆ. ಈ ಬೀಜಾಣು ಎಲೆಯ ಅಡಿಯ ಉಸಿರುರಂಧ್ರದಿಂದ ಗೊಂಚಲಾಗಿ ಹೊರಗೆ ಬರುತ್ತೆ. ಒಂದಕ್ಕೊಂದು ಒತ್ತಿಕೊಂಡಿರೋ ಬದಿ ನುಣುಪು, ಹೊರಗೆ ತೆರೆದಿರೋ ಬದಿ ಮುಳ್ಳು. ಟೇಪ್‌ನಿಂದ ಕಿತ್ತರೆ ಗೊಂಚಲು ಒಡೆದು ಹೋಗುತ್ತೆ. ಬ್ಲೇಡಿನಲ್ಲಿ ಎಲೆಯನ್ನು ತೆಳ್ಳಗೆ ಅಡ್ಡ ಕೊಯ್ದು ನೋಡು, ಕಾಣುತ್ತೆ.

– ಕೊಪ್ಪ

*

ಮೂಡಿಗೆರೆಯ ಓದುಗಿಯ ಪತ್ರವನ್ನೂ ಕೊಪ್ಪದವರ ಪತ್ರವನ್ನೂ ಸಕಲೇಶಪುರದ ಹುಡುಗಿಗೆ ಪೂರ್ತಿಯಾಗಿ ಕಳಿಸಿಕೊಟ್ಟಿದ್ದೇವೆ. ‘ಮದುವೆ ಆಗಿ ಆಮೇಲೆ ಓದಬಹುದು’ ಎಂಬ ಪತ್ರಗಳೂ ಬಂದಿವೆ, ಎಲ್ಲವೂ ಒಂದೇ ತರಹ ಇದ್ದುದರಿಂದ ಹಾಕಿಲ್ಲ. ಅವುಗಳಲ್ಲಿ ಎರಡಕ್ಕೆ ವರನ ಫೋಟೋ, ಜಾತಕ ಪಿನ್ ಮಾಡಲಾಗಿತ್ತು. ಕಳಿಸಿದವರ ವಿಳಾಸಕ್ಕೇ ವಾಪಸ್ ಪೋಸ್ಟ್ ಮಾಡಿದ್ದೇವೆ.