ಮಹಿಳೆಯರ ಮತ್ತು ಪುರುಷರ ಅಂತರರಾಷ್ಟ್ರೀಯ ಫುಟ್‌ಬಾಲ್: ಹಣದ ಅಂತರ ಕಡಿಮೆಯಾಗುವುದು ಹೇಗೆ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. 2022ರಲ್ಲಿ ಕತಾರ್‌ನಲ್ಲಿ ನಡೆದ ಪುರುಷರ ವಿಶ್ವಕಪ್‌ಗೆ ಫಿಫಾ ತೆಗೆದಿರಿಸಿದ್ದ ಬಹುಮಾನದ ಒಟ್ಟು ಮೊತ್ತ 44 ಕೋಟಿ ಡಾಲರ್. ಮರುವರ್ಷ ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್‌ನಲ್ಲಿ ನಡೆದ ಮಹಿಳೆಯರ ವಿಶ್ವಕಪ್‌ಗೆ ಸಿಕ್ಕಿದ್ದು 11 ಕೋಟಿ. ಎರಡರಲ್ಲೂ ಆಡಿದ್ದು 32 ತಂಡಗಳು, ನಡೆದದ್ದು 64 ಪಂದ್ಯಗಳು. 2019ರಲ್ಲಿ ಮಹಿಳೆಯರ ಪಾಲು 3 ಕೋಟಿ ಮಾತ್ರ ಇತ್ತು ಎಂಬುದನ್ನು ನೆನೆದರೆ ಏರಿಕೆ ದೊಡ್ಡದೇ, ಆದರೂ ನಾಲ್ಕನೇ ಒಂದು ಭಾಗದಲ್ಲೇ ನಿಂತಿದೆ.

ಈ ಮಾತೆತ್ತಿದಾಗಲೆಲ್ಲ ನನಗೆ ಸಿಗುವ ಉತ್ತರ ಒಂದೇ: ಪುರುಷರ ಟೂರ್ನಿ ಹೆಚ್ಚು ಗಳಿಸುತ್ತದೆ, ಹಾಗಾಗಿ ಹೆಚ್ಚು ಹಂಚುತ್ತದೆ. ಇದನ್ನು ಸುಳ್ಳೆಂದು ತಳ್ಳಿಹಾಕಲು ನನಗೆ ಆಗುತ್ತಿಲ್ಲ, ಒಪ್ಪಿಕೊಳ್ಳಲು ಮನಸ್ಸೂ ಬರುತ್ತಿಲ್ಲ. ಗಳಿಕೆಯ ಈ ವ್ಯತ್ಯಾಸ ನಿಜಕ್ಕೂ ಪ್ರೇಕ್ಷಕರ ಆಯ್ಕೆಯೇ? ಅಂತರವನ್ನು ಕಡಿಮೆ ಮಾಡಬೇಕೆಂದರೆ ಹಣವನ್ನು ಮೊದಲು ಎಲ್ಲಿ ಹಾಕಬೇಕು? ವಿಷಯ ಬಲ್ಲವರು ವಿವರವಾಗಿ ಬರೆದರೆ ಉಪಕಾರವಾಗುತ್ತದೆ.

ಉತ್ತರ 1

ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ನೂರು ವರ್ಷಗಳಷ್ಟು ಹಿಂದಿನಿಂದ ಆರಂಭವಾಗುತ್ತದೆ. 1920ರ ಡಿಸೆಂಬರ್ 26ರಂದು ಲಿವರ್‌ಪೂಲ್‌ನ ಗುಡಿಸನ್ ಪಾರ್ಕ್‌ನಲ್ಲಿ ಡಿಕ್, ಕೆರ್ ಲೇಡೀಸ್ ಮತ್ತು ಸೇಂಟ್ ಹೆಲೆನ್ಸ್ ಮಹಿಳಾ ತಂಡಗಳ ನಡುವೆ ಪಂದ್ಯ ನಡೆದಾಗ ಒಳಗೆ ಸುಮಾರು 53,000 ಜನರಿದ್ದರು. ಟಿಕೆಟ್ ಸಿಗದೆ ಸಾವಿರಾರು ಮಂದಿ ಹೊರಗೆ ಉಳಿದಿದ್ದರು. ಇದಾಗಿ ಒಂದು ವರ್ಷವೂ ತುಂಬುವ ಮೊದಲೇ, 1921ರ ಡಿಸೆಂಬರ್ 5ರಂದು, ಇಂಗ್ಲೆಂಡಿನ ಫುಟ್‌ಬಾಲ್ ಅಸೋಸಿಯೇಷನ್ ಈ ಆಟ ಮಹಿಳೆಯರಿಗೆ ತಕ್ಕದ್ದಲ್ಲ ಎಂದು ಹೇಳಿ, ತನ್ನ ಸದಸ್ಯ ಕ್ಲಬ್‌ಗಳ ಮೈದಾನಗಳನ್ನು ಅವರಿಗೆ ಕೊಡಕೂಡದೆಂದು ತೀರ್ಮಾನಿಸಿತು. ಆ ನಿಷೇಧ ಸುಮಾರು ಅರ್ಧ ಶತಮಾನ ಉಳಿಯಿತು. ಪಶ್ಚಿಮ ಜರ್ಮನಿಯಲ್ಲಿ 1955ರಿಂದ 1970ರವರೆಗೆ, ಬ್ರೆಜಿಲ್‌ನಲ್ಲಿ 1941ರಿಂದ 1979ರವರೆಗೆ ಇಂಥದೇ ನಿರ್ಬಂಧಗಳಿದ್ದವು. ಪುರುಷರ ವಿಶ್ವಕಪ್ 1930ರಲ್ಲಿ ಆರಂಭವಾದರೆ ಮಹಿಳೆಯರ ಮೊದಲ ಅಧಿಕೃತ ವಿಶ್ವಕಪ್ ನಡೆದದ್ದು 1991ರಲ್ಲಿ. ಕ್ರೀಡಾಂಗಣ, ಪತ್ರಿಕೆ, ರೇಡಿಯೊ, ದೂರದರ್ಶನಗಳೆಲ್ಲ ಒಂದು ಆಟದ ಸುತ್ತ ಬೆಳೆಯುತ್ತಿದ್ದ ಕಾಲದಲ್ಲಿ ಅರ್ಧದಷ್ಟು ಜನರನ್ನು ಅದರಿಂದ ಹೊರಗಿಟ್ಟು, ಈಗ ಅವರ ಗಳಿಕೆ ಕಡಿಮೆ ಎಂದು ಬೊಟ್ಟು ಮಾಡುವುದು ನನಗಂತೂ ನ್ಯಾಯವಾಗಿ ಕಾಣುವುದಿಲ್ಲ.

ಇನ್ನು ಇಂದಿನ ಗಳಿಕೆಯ ಲೆಕ್ಕ. ಬಹಳ ಕಾಲ ಫಿಫಾ ಮಹಿಳೆಯರ ವಿಶ್ವಕಪ್‌ನ ಪ್ರಸಾರ ಹಕ್ಕನ್ನು ಪುರುಷರ ಟೂರ್ನಿಯ ಹಕ್ಕಿನೊಂದಿಗೇ ಕಟ್ಟಿ ಮಾರುತ್ತಿತ್ತು. ಒಂದೇ ಮೂಟೆಯಲ್ಲಿ ಎರಡು ಸರಕನ್ನು ತುಂಬಿ ಒಂದೇ ಬೆಲೆಗೆ ಮಾರಿದರೆ ಯಾವುದರ ಬೆಲೆ ಎಷ್ಟೆಂದು ಹೇಳುವವರು ಯಾರು? 2023ಕ್ಕೆ ಹಕ್ಕುಗಳನ್ನು ಬೇರೆಯಾಗಿ ಮಾರಲು ಹೊರಟಾಗ ಯುರೋಪಿನ ದೊಡ್ಡ ಮಾರುಕಟ್ಟೆಗಳ ಪ್ರಸಾರಕರು ತೀರಾ ಕಡಿಮೆ ದರ ಹೇಳಿದರು. ಟೂರ್ನಿಗೆ ಐದು ವಾರಗಳಷ್ಟೇ ಬಾಕಿ ಇದ್ದಾಗ ಒಪ್ಪಂದ ಕುದುರಿತು. ಪಂದ್ಯ ಯಾವ ವಾಹಿನಿಯಲ್ಲಿ ಬರುತ್ತದೆಂದು ಕೊನೆಯವರೆಗೂ ಗೊತ್ತಿಲ್ಲದಿದ್ದರೆ ಜಾಹೀರಾತುದಾರರು ಮುಂಗಡ ಹಣ ಹೂಡುವುದಾದರೂ ಹೇಗೆ? ಇಷ್ಟಾದರೂ ಆ ಟೂರ್ನಿಗೆ 19 ಲಕ್ಷಕ್ಕೂ ಹೆಚ್ಚು ಪ್ರೇಕ್ಷಕರು ಕ್ರೀಡಾಂಗಣಗಳಿಗೆ ಬಂದರು.

ಉತ್ತರ 2

ಮೇಲಿನ ಉತ್ತರ ಬರೆದವರ ಇತಿಹಾಸದ ಮಾತು ಪೂರ್ತಿ ಸರಿ. ಆದರೆ ಬಹುಮಾನದ ಮೊತ್ತವೊಂದನ್ನೇ ಹಿಡಿದುಕೊಂಡರೆ ನಿಜವಾದ ಕೊರತೆ ಕಣ್ಣಿಗೆ ಬೀಳದೆ ಹೋಗುತ್ತದೆ ಎಂಬ ಆತಂಕ ನನ್ನದು. ಬಹುಮಾನ ಕೊನೆಯ ಮೆಟ್ಟಿಲು. ಕೆಳಗಿನ ಮೆಟ್ಟಿಲುಗಳೇ ಇಲ್ಲದ ದೇಶಗಳು ಬಹಳ.

2017ರ ಏಪ್ರಿಲ್‌ನಲ್ಲಿ ಐರ್ಲೆಂಡ್ ಮಹಿಳಾ ತಂಡದ ಆಟಗಾರ್ತಿಯರು ಡಬ್ಲಿನ್‌ನಲ್ಲಿ ಸುದ್ದಿಗೋಷ್ಠಿ ಕರೆದು ಹೇಳಿದ್ದನ್ನು ನಾನು ಮರೆತಿಲ್ಲ. ರಾಷ್ಟ್ರೀಯ ತಂಡದ ಟ್ರ್ಯಾಕ್‌ಸೂಟ್‌ಗಳನ್ನು ಕಿರಿಯರ ತಂಡಗಳೊಂದಿಗೆ ಹಂಚಿಕೊಳ್ಳಬೇಕಿತ್ತು. ಪ್ರವಾಸ ಮುಗಿದಾಗ ಅವನ್ನು ಹಿಂದಿರುಗಿಸಬೇಕಾದ್ದರಿಂದ ವಿಮಾನ ನಿಲ್ದಾಣದ ಶೌಚಾಲಯದಲ್ಲಿ ಬಟ್ಟೆ ಬದಲಿಸಿಕೊಳ್ಳಬೇಕಾಗುತ್ತಿತ್ತು. ದೇಶದ ಪರವಾಗಿ ಆಡಿ ಬಂದವರು ದೇಶದ ಲಾಂಛನವಿರುವ ಬಟ್ಟೆಯನ್ನು ಅಲ್ಲೇ ಕಳಚಿ ಕೊಟ್ಟು ಮನೆಗೆ ಹೋಗುವುದೆಂದರೇನು ಎಂದು ಯೋಚಿಸಿ. ಕೋಟಿಗಳ ಲೆಕ್ಕಕ್ಕಿಂತ ಈ ಒಂದು ಸಂಗತಿ ನನ್ನನ್ನು ಹೆಚ್ಚು ಕಾಡಿದೆ.

2023ರ ವಿಶ್ವಕಪ್‌ಗೆ ಮುನ್ನ ಜಮೈಕಾದ ಆಟಗಾರ್ತಿಯರು ತಯಾರಿಯ ಕೊರತೆಯ ಬಗ್ಗೆ ಬಹಿರಂಗ ಪತ್ರ ಬರೆದರು, ಆಟಗಾರ್ತಿಯೊಬ್ಬರ ತಾಯಿ ಸಾರ್ವಜನಿಕರಿಂದ ಚಂದಾ ಎತ್ತಿದರು. ಅದೇ ತಂಡ ಫ್ರಾನ್ಸ್ ಮತ್ತು ಬ್ರೆಜಿಲ್ ಇದ್ದ ಗುಂಪಿನಲ್ಲಿ ಒಂದೂ ಗೋಲು ಬಿಟ್ಟುಕೊಡದೆ ಕೊನೆಯ ಹದಿನಾರರ ಘಟ್ಟ ತಲುಪಿತು. ಆದ್ದರಿಂದ ನಿಮ್ಮ ಎರಡನೆಯ ಪ್ರಶ್ನೆಗೆ ನನ್ನ ಉತ್ತರ ಹೀಗಿದೆ: ಮೊದಲ ಹಣ ತರಬೇತಿ ಶಿಬಿರಗಳಿಗೆ, ವೈದ್ಯರಿಗೆ, ಪ್ರಯಾಣಕ್ಕೆ ಮತ್ತು ವರ್ಷವಿಡೀ ನಡೆಯುವ ಅಂತರರಾಷ್ಟ್ರೀಯ ಪಂದ್ಯಗಳಿಗೆ ಹೋಗಬೇಕು.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಧನ್ಯವಾದ. ಹಾಗಿದ್ದರೆ ಸಮಾನ ವೇತನದ ಒಪ್ಪಂದಗಳಿಂದ ನಿಜವಾಗಿ ಏನಾದರೂ ಬದಲಾಗಿದೆಯೇ, ಅಥವಾ ಅವು ಹೇಳಿಕೆಗಳಷ್ಟೆಯೇ?

ಉತ್ತರ 3

ಬದಲಾಗಿದೆ, ಮತ್ತು ಎಷ್ಟೆಂದು ಅಂಕಿಗಳಲ್ಲೇ ಹೇಳಬಹುದು. 2017ರಲ್ಲಿ ನಾರ್ವೆಯ ಒಕ್ಕೂಟ ಎರಡೂ ರಾಷ್ಟ್ರೀಯ ತಂಡಗಳಿಗೆ ಸಮಾನ ಸಂಭಾವನೆ ಒಪ್ಪಿಕೊಂಡಾಗ, ಜಾಹೀರಾತು ಚಟುವಟಿಕೆಗಳಿಂದ ತಮಗೆ ಬರುತ್ತಿದ್ದ ಹಣದಲ್ಲಿ 5.5 ಲಕ್ಷ ಕ್ರೋನ್‌ಗಳನ್ನು ಪುರುಷ ಆಟಗಾರರೇ ಬಿಟ್ಟುಕೊಟ್ಟರು. ಮಹಿಳಾ ತಂಡದ ಪಾಲು 31 ಲಕ್ಷದಿಂದ 60 ಲಕ್ಷ ಕ್ರೋನ್‌ಗೆ ಏರಿತು.

ಅಮೆರಿಕದ ದಾರಿ ಇದಕ್ಕಿಂತ ಕಠಿಣವಾಗಿತ್ತು. 2019ರ ಮಾರ್ಚ್‌ನಲ್ಲಿ 28 ಆಟಗಾರ್ತಿಯರು ತಮ್ಮ ಒಕ್ಕೂಟದ ವಿರುದ್ಧ ನ್ಯಾಯಾಲಯಕ್ಕೆ ಹೋದರು. 2022ರ ಫೆಬ್ರುವರಿಯಲ್ಲಿ 2.4 ಕೋಟಿ ಡಾಲರ್‌ಗೆ ರಾಜಿಯಾಯಿತು. ಅದೇ ವರ್ಷ ಮೇ ತಿಂಗಳ ಒಪ್ಪಂದದಲ್ಲಿ ನನಗೆ ಅತ್ಯಂತ ಮುಖ್ಯವೆನಿಸಿದ ಅಂಶವೊಂದಿದೆ: ಎರಡು ತಂಡಗಳು ವಿಶ್ವಕಪ್‌ಗಳಲ್ಲಿ ಗೆಲ್ಲುವ ಹಣವನ್ನು ಒಂದೇ ನಿಧಿಗೆ ಸೇರಿಸಿ, ಒಕ್ಕೂಟದ ಪಾಲನ್ನು ಕಳೆದು, ಉಳಿದದ್ದನ್ನು ಸಮನಾಗಿ ಹಂಚಬೇಕು. ಕತಾರ್‌ನಲ್ಲಿ ಪುರುಷರ ತಂಡ ಕೊನೆಯ ಹದಿನಾರರಲ್ಲಿ ಸೋತು 1.3 ಕೋಟಿ ಡಾಲರ್ ತಂದಿತು. ಅದರ ಶೇಕಡ 90ರಲ್ಲಿ ಅರ್ಧ, ಅಂದರೆ ಸುಮಾರು 58.5 ಲಕ್ಷ, ಮಹಿಳೆಯರ ಪಾಲಾಯಿತು. 2019ರಲ್ಲಿ ಮಹಿಳೆಯರು ವಿಶ್ವಕಪ್ಪನ್ನೇ ಗೆದ್ದಾಗ ಫಿಫಾ ಕೊಟ್ಟಿದ್ದು 40 ಲಕ್ಷ! ಒಂದು ದೇಶದೊಳಗೆ ನ್ಯಾಯವಾಗಿ ಹಂಚಿದರೂ ಮೇಲಿನಿಂದ ಬರುವ ಹಣ ಎಷ್ಟು ಅಸಮಾನವಾಗಿದೆ ಎಂಬುದು ಇದರಲ್ಲೇ ಕಾಣುತ್ತದೆ. ಹಾಗಾಗಿ ಬಹುಮಾನ ಕೊನೆಯ ಮೆಟ್ಟಿಲು ಎಂಬ ಮಾತನ್ನು ನಾನು ಪೂರ್ತಿ ಒಪ್ಪಲಾರೆ.

ಸಂಬಳ ಸಮವಾದ ಮಾತ್ರಕ್ಕೆ ಎಲ್ಲವೂ ಸರಿಹೋಗುವುದಿಲ್ಲ ಎನ್ನುವುದಕ್ಕೂ ನಾರ್ವೆಯೇ ಸಾಕ್ಷಿ. ವರ್ಷದ ಶ್ರೇಷ್ಠ ಆಟಗಾರ್ತಿಗೆ ಕೊಡುವ ಬ್ಯಾಲನ್ ಡಿ'ಓರ್ ಪ್ರಶಸ್ತಿಯನ್ನು 2018ರಲ್ಲಿ ಮೊದಲಿಗಳಾಗಿ ಗೆದ್ದ ನಾರ್ವೆಯ ಅಡಾ ಹೆಗರ್‌ಬರ್ಗ್, ಒಕ್ಕೂಟವು ಮಹಿಳಾ ಫುಟ್‌ಬಾಲನ್ನು ನಡೆಸಿಕೊಳ್ಳುತ್ತಿದ್ದ ರೀತಿಯಿಂದ ಬೇಸತ್ತು 2017ರಲ್ಲೇ ರಾಷ್ಟ್ರೀಯ ತಂಡದಿಂದ ದೂರ ಸರಿದರು, 2019ರ ವಿಶ್ವಕಪ್ ಆಡಲಿಲ್ಲ, ಮರಳಿದ್ದು 2022ರಲ್ಲಿ.

ಉತ್ತರ 2 ಬರೆದವರಿಂದ

ನಿಮ್ಮ ಲೆಕ್ಕವನ್ನು ಒಪ್ಪುತ್ತೇನೆ. ಮೇಲಿನ ಮೊತ್ತ ಬದಲಾಗದೆ ಸಮಪಾಲಿನ ಮಾತು ಪೂರ್ಣವಾಗದು. ಆದರೆ ಆ ಹಣ ಆಟಗಾರ್ತಿಯರ ಕೈ ಸೇರುವುದು ಇನ್ನೊಂದು ಘಟ್ಟ. ನೈಜೀರಿಯಾದ ಮಹಿಳೆಯರು 2016ರಲ್ಲಿ ಆಫ್ರಿಕಾದ ಚಾಂಪಿಯನ್ನರಾಗಿ ಮರಳಿದ ಮೇಲೂ ಬಾಕಿ ಬೋನಸ್‌ಗಾಗಿ ಅಬುಜಾದ ಹೋಟೆಲ್ ಬಿಟ್ಟು ಕದಲದೆ ಕೂತರು, ಬ್ಯಾನರ್ ಹಿಡಿದು ಸಂಸತ್ ಭವನದವರೆಗೆ ನಡೆದರು. 2019ರಲ್ಲಿ ಫ್ರಾನ್ಸ್‌ನಲ್ಲೂ ಅದೇ ಪ್ರತಿಭಟನೆ ಮತ್ತೆ ನಡೆಯಿತು. 2023ರಲ್ಲಿ ಪ್ರತಿ ಆಟಗಾರ್ತಿಗೆ ಕನಿಷ್ಠ 30,000 ಡಾಲರ್, ಗೆದ್ದ ತಂಡದ ಪ್ರತಿಯೊಬ್ಬರಿಗೆ 2,70,000 ಡಾಲರ್ ಎಂದು ಫಿಫಾ ಹೆಸರಿಟ್ಟು ಮೀಸಲಿಟ್ಟದ್ದು ಒಳ್ಳೆಯ ಹೆಜ್ಜೆ, ಆದರೆ ಪಾವತಿ ಒಕ್ಕೂಟಗಳ ಮೂಲಕವೇ ಆಗಬೇಕಿತ್ತು. ನಾನು ಕೇಳುವುದು ಇಷ್ಟು: ಆ ಹಣ ನೇರವಾಗಿ ಆಟಗಾರ್ತಿಯ ಖಾತೆಗೆ ಹೋಗಲಿ, ಮತ್ತು ತಂಡ ವಿಶ್ವಕಪ್‌ಗೆ ವಿಮಾನ ಹತ್ತುವ ಮೊದಲೇ ಬೋನಸ್ ಒಪ್ಪಂದಕ್ಕೆ ಎರಡೂ ಕಡೆಯವರ ಸಹಿ ಬಿದ್ದಿರಲಿ. ಬ್ರೆಜಿಲ್‌ನಲ್ಲಿ ನಡೆಯುವ 2027ರ ವಿಶ್ವಕಪ್‌ಗೆ ಅರ್ಹತೆ ಪಡೆಯುವ ಪ್ರತಿ ಒಕ್ಕೂಟಕ್ಕೂ ಇದನ್ನು ಷರತ್ತಾಗಿ ವಿಧಿಸಬಹುದು.