ಯುರೋಪ್ ಬಸ್ ಟೂರ್: ದುಡ್ಡು ಕಟ್ಟುವ ಮೊದಲು ಏನೇನು ಕೇಳಬೇಕು?

ವಿರಾಜಪೇಟೆ_ಮಳೆ:
ಅಪ್ಪನಿಗೆ 68, ಅಮ್ಮನಿಗೆ 63. ಮೇ ತಿಂಗಳಿಗೆ 11 ದಿನದ ಪ್ಯಾಕೇಜ್ ನೋಡಿದ್ದೇವೆ: ರೋಮ್, ಪೀಸಾ, ಫ್ಲಾರೆನ್ಸ್, ವೆನಿಸ್, ಪ್ಯಾರಿಸ್. ಓಡಾಟವೆಲ್ಲ ಬಸ್ಸಲ್ಲೇ. ಅಮ್ಮನಿಗೆ ಮಂಡಿನೋವು. ಆದಾಯ ಬರೀ ಕಾಫಿ, ಮೆಣಸು. ಐಟಿ ರಿಟರ್ನ್ ಹಾಕಿದ್ದೇ ಇಲ್ಲ. ಗೊತ್ತಿರುವವರು ಹೇಳಿ.

ಏಲಕ್ಕಿ_ಬುಟ್ಟಿ:
ಬ್ರೋಷರಿನಲ್ಲಿ ಊರಿನ ಹೆಸರಿಗಿಂತ ಅದರ ಮುಂದಿರುವ ಪದ ನೋಡಿ. ‘ಫೋಟೋ ಸ್ಟಾಪ್’, ‘ಔಟ್‌ಸೈಡ್ ವ್ಯೂ’ ಅಂದರೆ ಒಳಗೆ ಬಿಡುವುದಿಲ್ಲ, ಗೋಡೆ ನೋಡಿ ಬರುವುದು. ಕೊಲೋಸಿಯಂ ಮುಂದೆ ಇದೇ ಪದ ಇದ್ದರೆ ಅಷ್ಟು ದೂರ ಹೋಗಿದ್ದೂ ದಂಡ. ಪ್ರವೇಶ ಟಿಕೆಟ್ ಸೇರಿದೆಯೇ ಎಂದು ಇಮೇಲಿನಲ್ಲೇ ಉತ್ತರ ತರಿಸಿಕೊಳ್ಳಿ.

ಆಮೇಲೆ ವಾರ. ಪ್ಯಾರಿಸಿನ ಲೂವ್ರ್ ಮ್ಯೂಸಿಯಂ ಮಂಗಳವಾರ ಮುಚ್ಚಿರುತ್ತದೆ, ವರ್ಸೈ ಅರಮನೆ ಸೋಮವಾರ. ವ್ಯಾಟಿಕನ್ ಮ್ಯೂಸಿಯಂಗೆ ತಿಂಗಳ ಕೊನೆಯದು ಬಿಟ್ಟು ಉಳಿದ ಭಾನುವಾರ ರಜೆ. ನಿಮ್ಮ ಹೊರಡುವ ತಾರೀಖಿಗೆ ಕ್ಯಾಲೆಂಡರ್ ಇಟ್ಟು ಲೆಕ್ಕ ಹಾಕಿ.

ಮಂಡಿನೋವಿನವರಿಗೆ ನಿಜವಾದ ಕಷ್ಟ ಬಸ್ ಇಳಿದ ಮೇಲೆ. ಹಳೇ ಊರುಗಳ ಒಳಗೆ ದೊಡ್ಡ ಬಸ್ ಬಿಡುವುದಿಲ್ಲ. ಫ್ಲಾರೆನ್ಸಿನಲ್ಲಿ ಹೊರಗೇ ಇಳಿಸಿ ಕಲ್ಲು ಹಾಸಿದ ಬೀದಿಯಲ್ಲಿ ನಡೆಸುತ್ತಾರೆ. ಪೀಸಾದಲ್ಲೂ ಪಾರ್ಕಿಂಗಿನಿಂದ ಗೋಪುರ ದೂರ. ವೆನಿಸಿನಲ್ಲಿ ಬಸ್ ಟ್ರೊಂಕೆಟ್ಟೊ ಎಂಬ ಪಾರ್ಕಿಂಗ್ ಜಾಗದವರೆಗೆ ಮಾತ್ರ, ಮುಂದೆ ದೋಣಿ. ದೋಣಿ ಇಳಿದ ಮೇಲೂ ಸಣ್ಣ ಸೇತುವೆಗಳು, ಹೆಚ್ಚಿನವಕ್ಕೆ ಮೆಟ್ಟಿಲು ಹತ್ತಿ ಇಳಿಯಬೇಕು. ‘ಎಲ್ಲಿ ಇಳಿಸುತ್ತೀರಿ, ಅಲ್ಲಿಂದ ಎಷ್ಟು ನಡಿಗೆ’ ಎಂದು ಊರೂರಿಗೂ ಕೇಳಿ. ‘ಸ್ವಲ್ಪವೇ ಸಾರ್’ ಅನ್ನುವ ಉತ್ತರ ಒಪ್ಪಬೇಡಿ, ಮೀಟರಿನಲ್ಲಿ ಹೇಳಲಿ.

ಬಸ್ ಯಾರಿಗೂ ಕಾಯುವುದಿಲ್ಲ, ಅದಕ್ಕೆ ಕಾರಣವಿದೆ. ಅಲ್ಲಿಯ ಕಾನೂನಿನಂತೆ ಡ್ರೈವರ್ ದಿನಕ್ಕೆ 9 ಗಂಟೆ ಓಡಿಸಬಹುದು, ವಾರದಲ್ಲಿ ಎರಡು ಸಲ ಮಾತ್ರ 10. ನಾಲ್ಕೂವರೆ ಗಂಟೆಗೊಮ್ಮೆ 45 ನಿಮಿಷ ಬಿಡುವು ಕೊಡಲೇಬೇಕು, ಎಲ್ಲವೂ ಯಂತ್ರದಲ್ಲಿ ದಾಖಲಾಗುತ್ತದೆ. ಬೆಳಿಗ್ಗೆ ಅರ್ಧ ಗಂಟೆ ತಡವಾದರೆ ಸಂಜೆಯ ಒಂದು ಜಾಗ ಹಾರಿಸುತ್ತಾರೆ.

ಪಹಣಿ_ಪತ್ರ:
ವೀಸಾ ಕಾಗದದ ವಿಷಯಕ್ಕೆ ಬರುತ್ತೇನೆ. ಪಾಸ್‌ಪೋರ್ಟ್ ಕಳೆದ 10 ವರ್ಷದೊಳಗೆ ಕೊಟ್ಟದ್ದಾಗಿರಬೇಕು, ವಾಪಸು ಹೊರಡುವ ದಿನದಿಂದ ಇನ್ನೂ 3 ತಿಂಗಳು ಅವಧಿ ಇರಬೇಕು, 2 ಖಾಲಿ ಪುಟ ಬೇಕು. ಶೆಂಗೆನ್ ವೀಸಾಕ್ಕೆ (ಇಟಲಿ, ಫ್ರಾನ್ಸ್ ಸೇರಿದಂತೆ ಹಲವು ದೇಶಗಳಿಗೆ ಒಂದೇ ವೀಸಾ) ಕನಿಷ್ಠ 30,000 ಯೂರೋ ವೈದ್ಯಕೀಯ ವಿಮೆ ಕಡ್ಡಾಯ. ಬೆರಳಚ್ಚಿಗೆ ಇಬ್ಬರೂ ಬೆಂಗಳೂರಿಗೆ ಹೋಗಲೇಬೇಕು. ಹಿಂದಿನ 59 ತಿಂಗಳಲ್ಲಿ ಕೊಟ್ಟಿದ್ದರೆ ಸಾಮಾನ್ಯವಾಗಿ ಮತ್ತೆ ಬೇಡ. ಅರ್ಜಿಯನ್ನು 6 ತಿಂಗಳು ಮೊದಲೇ ಹಾಕಬಹುದು. ಮಾರ್ಚ್‌ನಲ್ಲಿ ಕಾಫಿ ಹೂ ಅರಳಿಸುವ ಹೂಮಳೆ, ಸ್ಪ್ರಿಂಕ್ಲರ್ ಗಲಾಟೆಯ ನಡುವೆ ಓಡಾಡುವ ಬದಲು ಮೊದಲೇ ಮುಗಿಸಿ.

ಕೃಷಿ ಆದಾಯಕ್ಕೆ ತೆರಿಗೆ ಇಲ್ಲದಿದ್ದರೂ ರಿಟರ್ನ್ ಹಾಕಬಹುದು, ಹಾಕಿ. ಕೃಷಿ ಆದಾಯ 5,000 ರೂಪಾಯಿ ದಾಟಿದರೆ ಐಟಿಆರ್-1 ಫಾರಂ ನಡೆಯುವುದಿಲ್ಲ, ಐಟಿಆರ್-2 ಬೇಕು. 5 ಲಕ್ಷ ಮೀರಿದರೆ ಜಮೀನಿನ ವಿವರವನ್ನೂ ತುಂಬಬೇಕು. ಕಾಫಿಯನ್ನು ಚೆರ್ರಿಯಾಗಿ (ಒಣಗಿಸಿದ ಹಣ್ಣಾಗಿ) ಮಾರದೆ ನೀವೇ ಕ್ಯೂರಿಂಗ್ ಮಾಡಿ (ಸಿಪ್ಪೆ ತೆಗೆದು ಬೀಜ ಹದಮಾಡಿ) ಮಾರಿದ್ದರೆ ಶೇ. 25 ಭಾಗ ವ್ಯಾಪಾರದ ಆದಾಯ, ಆಗ ಫಾರಂ ಬೇರೆ, ಆಡಿಟರನ್ನು ಕೇಳಿ. ಪ್ಯಾಕೇಜಿನ ಮೇಲೆ ಕಂಪನಿ ಮೊದಲೇ ಹಿಡಿಯುವ ತೆರಿಗೆ (ಟಿಸಿಎಸ್) ಕೂಡ ರಿಟರ್ನ್ ಹಾಕಿದರೆ ಮಾತ್ರ ವಾಪಸು ಬರುತ್ತದೆ.

ವಿರಾಜಪೇಟೆ_ಮಳೆ:
ನಮ್ಮದು ಜಮ್ಮಾ ಜಾಗ (ಕೊಡಗಿನಲ್ಲಿ ಕುಟುಂಬಕ್ಕೆ ವಂಶಪಾರಂಪರ್ಯವಾಗಿ ಬರುವ ಜಮೀನು). ಪಹಣಿಯಲ್ಲಿ ಇನ್ನೂ ದೊಡ್ಡಪ್ಪನ ಹೆಸರೇ ಇದೆ. ಅದು ನಡೆಯುತ್ತದೆಯೇ?

ಪಹಣಿ_ಪತ್ರ:
ಪಹಣಿ ಒಂದನ್ನೇ ನೆಚ್ಚಬೇಡಿ. ಅಪ್ಪನ ಹೆಸರಿನ ಕಾಫಿ ಮಾರಾಟದ ಬಿಲ್ಲು, ಆ ಹಣ ಜಮೆಯಾದ ಬ್ಯಾಂಕ್ ಸ್ಟೇಟ್‌ಮೆಂಟ್, ರಿಟರ್ನ್, ಇವು ಒಂದಕ್ಕೊಂದು ತಾಳೆಯಾಗಬೇಕು. ಪಹಣಿ ಯಾಕೆ ಬೇರೆ ಹೆಸರಲ್ಲಿದೆ ಎಂದು ಕವರಿಂಗ್ ಲೆಟರಿನಲ್ಲಿ ಎರಡೇ ಸಾಲು ಬರೆಯಿರಿ. ಅರ್ಜಿಗೆ ಮುಂಚೆ ಒಂದೇ ಸಲ ದೊಡ್ಡ ಮೊತ್ತ ತಂದು ಹಾಕಿದರೆ ಅನುಮಾನ ಪಡುತ್ತಾರೆ.

ಮನೆ ಹೆಸರನ್ನೂ ನೋಡಿಕೊಳ್ಳಿ. ಆಧಾರಿನಲ್ಲಿ ಬರೀ ಇನಿಶಿಯಲ್, ಪಾಸ್‌ಪೋರ್ಟಿನಲ್ಲಿ ಪೂರ್ತಿ ಇರುತ್ತದೆ. ಕೊಲೋಸಿಯಂ ಟಿಕೆಟಿನ ಮೇಲೂ ಹೆಸರಿರುತ್ತದೆ, ಬಾಗಿಲಲ್ಲಿ ಗುರುತಿನ ಚೀಟಿ ನೋಡುತ್ತಾರೆ. ಕಂಪನಿಗೆ ಪಾಸ್‌ಪೋರ್ಟಿನಲ್ಲಿದ್ದಂತೆಯೇ ಹೆಸರು ಕೊಡಿ.

ಕಾಚಂಪುಳಿ:
ಚೀಲದ ಬಗ್ಗೆ ಯಾರೂ ಹೇಳಲಿಲ್ಲ. ಒಣಗಿಸಿದ ಹಂದಿಮಾಂಸ, ಪಂದಿ ಉಪ್ಪಿನಕಾಯಿ, ತುಪ್ಪ ಯಾವುದೂ ಬೇಡ. ಹೊರಗಿನಿಂದ ಮಾಂಸ, ಹಾಲಿನ ಪದಾರ್ಥ ತರುವುದು ಅಲ್ಲಿ ನಿಷಿದ್ಧ, ಸಿಕ್ಕಿದರೆ ಕಸಿದುಕೊಳ್ಳುತ್ತಾರೆ. ಜೇನು ತಲೆಗೆ 2 ಕಿಲೋವರೆಗೆ ಆಗುತ್ತದೆ. ಮಾತ್ರೆ, ಡಾಕ್ಟರ ಚೀಟಿ ಕೈಚೀಲದಲ್ಲೇ ಇರಲಿ. ಹೆದ್ದಾರಿಯ ಶೌಚಾಲಯಕ್ಕೆ ಚಿಲ್ಲರೆ ಬೇಕಾಗುತ್ತದೆ, 50 ಸೆಂಟ್ ಮತ್ತು 1 ಯೂರೋ ನಾಣ್ಯ ಬೇರೆ ಪರ್ಸಿನಲ್ಲಿಡಿ. ವ್ಯಾಟಿಕನ್ನಿನ ಸೇಂಟ್ ಪೀಟರ್ಸ್ ಚರ್ಚಿನ ಒಳಗೆ ಭುಜ, ಮೊಣಕಾಲು ಮುಚ್ಚಿರಬೇಕು. ಅಮ್ಮ ಸೀರೆ ಉಟ್ಟಿದ್ದರೆ ಹೆಗಲಿಗೊಂದು ಶಾಲು ಸಾಕು.